ಚೊಗರಿನ ಕಲೆ

ನನ್ನ ಹತ್ತಿರ ಒಂದು ಇಳಕಲ್ ಸೀರೆ ಇದೆ. ಮೈ ನವಿಲು ಬಣ್ಣ, ಚಿಕ್ಕಿ ಪರಾಸ ನಮೂನೆಯ ದಡಿ, ಕೆಂಪು ಸೆರಗು. ಆ ಸೆರಗಿನಲ್ಲಿ ನೇಯ್ದ ಬಿಳಿ ತೆನೆ ವಿನ್ಯಾಸದ ಮೇಲೆ ಅಂಗೈಯಗಲ ಒಂದು ಕಂದು ಕಲೆ ಇದೆ. ಹದಿನಾಲ್ಕು ವರ್ಷವಾಯಿತು, ಇನ್ನೂ ಹಾಗೇ ಇದೆ.

ನಾನು ಇಳಕಲ್ಲಿನ ನೇಕಾರರ ಮನೆಯ ಮಗಳು. ಟೀಚರ್ ಕೆಲಸ ಸಿಕ್ಕಿ ಸಾಗರದ ಕಡೆಯ ಒಂದು ಹಳ್ಳಿಗೆ ಬಂದೆ. ಬಂದ ವರ್ಷವೇ ಅಡಿಕೆ ಸುಗ್ಗಿ ನೋಡಿದೆ. ಬಾಡಿಗೆಗಿದ್ದ ಮನೆಯ ಅಂಗಳದಲ್ಲಿ ರಾತ್ರಿ ಹತ್ತಾದರೂ ಹೆಂಗಸರು ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುತ್ತಿದ್ದರು. ಪಕ್ಕದಲ್ಲೇ ಒಲೆಯ ಮೇಲೆ ದೊಡ್ಡ ತಾಮ್ರದ ಹಂಡೆ. ಸುಲಿದ ಅಡಿಕೆ ಅದರಲ್ಲಿ ಬೇಯುತ್ತಿತ್ತು. ಬೆಂದ ಅಡಿಕೆಯನ್ನು ಜಾಲರಿಯಲ್ಲಿ ಎತ್ತುವಾಗ ನಾನು ತೀರಾ ಹತ್ತಿರ ನಿಂತಿದ್ದೆ. ಹಂಡೆಯ ನೀರು ಸೆರಗಿಗೆ ಹಾರಿತು. ಮನೆಯ ಅಮ್ಮ ಅಯ್ಯೋ ಅಂದರು. "ಟೀಚರೇ, ಅದು ಚೊಗರು. ಸೋಪು ಹಾಕಿ ಕೈ ನೋಯಿಸ್ಕೋಬೇಡಿ, ಹೋಗಲ್ಲ." ಅವರ ಬೆರಳುಗಳೆಲ್ಲ ಕಪ್ಪುಗಟ್ಟಿದ್ದವು. ಸುಗ್ಗಿ ಮುಗಿದು ಎಷ್ಟೋ ದಿನ ಆ ಕಪ್ಪು ಹಾಗೇ ಇರುತ್ತಿತ್ತು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಹಸಿ ಅಡಿಕೆ ಬೇಯಿಸಿದಾಗ ಅದರ ಒಗರೆಲ್ಲ ನೀರಿಗೆ ಇಳಿಯುತ್ತದೆ. ಅದೇ ನೀರಲ್ಲಿ ಮತ್ತೆ ಮತ್ತೆ ಬೇಯಿಸಿದರೆ ಅದು ಕೆಂಪಾಗಿ, ಮಂದವಾಗಿ, ಪಾಕದ ಹಾಗೆ ಆಗುತ್ತದೆ. ಅದೇ ಚೊಗರು. ಕೆಂಪಡಿಕೆಗೆ ಆ ಹೊಳಪು ಬರುವುದು ಇದರಿಂದಲೇ. ಒಳ್ಳೆ ಚೊಗರನ್ನು ಯಾರೂ ಚೆಲ್ಲುವುದಿಲ್ಲ, ಮುಂದಿನ ಅಡಿಕೆಗೆ ಬೇಕು ಅಂತ ಎತ್ತಿಡುತ್ತಾರೆ.

ರಜೆಗೆ ಊರಿಗೆ ಹೋದಾಗ ಅಪ್ಪನಿಗೆ ಸೀರೆ ತೋರಿಸಿದೆ. ಬೈಸಿಕೊಳ್ಳಲು ತಯಾರಾಗೇ ಹೋಗಿದ್ದೆ. ಅದು ಅವರೇ ನೇಯ್ದ ಸೀರೆ. ಅಪ್ಪ ಸೆರಗನ್ನು ಬಾಗಿಲ ಬೆಳಕಿಗೆ ಹಿಡಿದರು. ಹೆಬ್ಬೆರಳಿಂದ ಕಲೆಯನ್ನು ತಿಕ್ಕಿದರು, ಎಂಜಲು ಹಚ್ಚಿ ಇನ್ನೊಮ್ಮೆ ತಿಕ್ಕಿದರು. ಆಮೇಲೆ ಕೇಳಿದರು, "ಇದು ಎಷ್ಟ್ ಸಲ ಒಗದದ್ದವಾ?" ಹತ್ತು ಹನ್ನೆರಡು ಸಲ ಅಂದೆ. "ಹಂಗಾರ ಇದು ಕಲಿ ಅಲ್ಲ. ಬಣ್ಣ ಐತಿ."

ಈ ಮಾತು ಹೇಳಲೆಂದೇ ಇಷ್ಟು ಬರೆದೆ. ಇಳಕಲ್ ಅಂದರೆ ಎಲ್ಲರೂ ನೇಯ್ಗೆಯ ಬಗ್ಗೆ ಮಾತಾಡುತ್ತಾರೆ. ಮಾತಾಡಲೇಬೇಕು, ಯಾಕೆಂದರೆ ಆ ಸೆರಗು ಸುಮ್ನೆ ಬರುವುದಲ್ಲ. ಮಗ್ಗದಲ್ಲಿ ಉದ್ದಕ್ಕೆ ಕಟ್ಟುವ ಎಳೆಗಳೇ ಹಾಸು. ಸೀರೆಯ ಮೈಗೆ ಬೇರೆ ಹಾಸು, ಸೆರಗಿಗೆ ಬೇರೆ ಹಾಸು. ಮೈಯ ಒಂದೊಂದು ಎಳೆಯ ಕುಣಿಕೆಗೂ ಸೆರಗಿನ ಕೆಂಪು ಎಳೆಯ ಕುಣಿಕೆ ಕೊಂಡಿ ಹಾಕಿ ಜೋಡಿಸಬೇಕು. ಸಾವಿರಾರು ಎಳೆ. ಅದಕ್ಕೇ ಕೊಂಡಿ ಸೆರಗಿನ ಸೀರೆಗೆ ಒಂದು ಹಾಸಿನಲ್ಲಿ ಒಂದೇ ಸೀರೆ, ಉದ್ದಕ್ಕೆ ನಾಲ್ಕಾರು ಸೀರೆ ಹಾಸಿಕೊಂಡು ನೇಯುವ ಹಾಗಿಲ್ಲ. ಚಿಕ್ಕವಳಿದ್ದಾಗ ಅಪ್ಪನ ಎದುರು ಕೂತು ಎಳೆ ಬಿಡಿಸಿ ಕೊಡುವುದು ನನ್ನ ಕೆಲಸವಾಗಿತ್ತು. ಅಪ್ಪ ಕೆಂಪು ಎಳೆಯನ್ನು ಕುಣಿಕೆಯೊಳಗೆ ತೂರಿಸಿ, ಬೆರಳ ತುದಿಯಲ್ಲಿ ಒಂದೇ ಒಂದು ಸಲ ಹೊಸೆಯುತ್ತಿದ್ದರು. ಮುಂದಿನದು. ಮತ್ತೆ ಮುಂದಿನದು. ಒಂದು ಎಳೆ ತಪ್ಪಿದರೆ ತೆನೆ ಸೊಟ್ಟ.

ಆದರೆ ಆ ಕೆಂಪು ಎಲ್ಲಿಂದ ಬಂತು? ಇದನ್ನು ಕೇಳುವವರು ಕಡಿಮೆ. ನಮ್ಮ ಕಡೆ ನೀಲಗಾರ, ಬಣ್ಣಗಾರ ಅನ್ನುವ ಅಡ್ಡಹೆಸರು ಈಗಲೂ ಇವೆ. ನೂಲಿಗೆ ಬಣ್ಣ ಹಾಕುವುದೇ ಆ ಮನೆಗಳ ಕಸುಬಾಗಿತ್ತು. ಹೆಸರು ಉಳಿದಿದೆ, ನೂಲನ್ನು ಬಣ್ಣಕ್ಕೆ ಅದ್ದುವ ಬಾನಿಗಳು ಹೋಗಿವೆ. ಆಗ ಗಿಡದ ಬೇರಿನಿಂದ ತೆಗೆಯುತ್ತಿದ್ದ ಕೆಂಪಿಗೆ ಬದಲಾಗಿ ಜರ್ಮನಿಯವರು 1868ರಲ್ಲಿ ರಾಸಾಯನಿಕ ಕೆಂಪನ್ನು ಕಂಡುಹಿಡಿದರು. 1897ರಲ್ಲಿ ನೀಲಿಯೂ ಕಾರ್ಖಾನೆಯಿಂದ ಮಾರುಕಟ್ಟೆಗೆ ಬಂತು. ಅಂಗಡಿಯಿಂದ ಪುಡಿ ತಂದರೆ ಆಯಿತು, ಬೇರು ಕುಟ್ಟಬೇಕಿಲ್ಲ, ಬಾನಿ ಹುಳಿ ಬರುವವರೆಗೆ ಕಾಯಬೇಕಿಲ್ಲ. ನೇಕಾರರು ಅದನ್ನು ಯಾಕೆ ಹಿಡಿದರು ಅಂತ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಸೀರೆಗಿಷ್ಟು ಅಂತ ದುಡಿಯುವ ಮನೆಗೆ ಒಂದು ದಿನ ಉಳಿದರೂ ಅದು ದುಡ್ಡೇ. ಆದರೂ ಒಂದು ಊರಿನ ಅರ್ಧ ಕಸುಬು ಹೆಚ್ಚು ಸದ್ದಿಲ್ಲದೆ ಹೊರಟು ಹೋಯಿತಲ್ಲ ಅಂತ ಸಂಕಟವಾಗುತ್ತದೆ. ದಾಳಿಂಬೆ ಕೆಂಪು, ಗಿಳಿ ಹಸಿರು, ನವಿಲು ಬಣ್ಣ ಅಂತ ಇವತ್ತಿಗೂ ಅಂಗಡಿಯಲ್ಲಿ ಕೇಳುತ್ತೇವೆ. ಹೆಸರುಗಳೆಲ್ಲ ಹಣ್ಣು, ಹಕ್ಕಿಗಳವೇ, ಅಲ್ವಾ?

ಮುಂದಿನ ಸುಗ್ಗಿಗೆ ಅಪ್ಪ ನನ್ನ ಜೊತೆ ಸಾಗರಕ್ಕೆ ಬಂದರು. ಹೆಗ್ಗೋಡಿನ ಪಕ್ಕ ಭೀಮನಕೋಣೆಯಲ್ಲಿ ಚರಕ ಇದೆ. ರಂಗಕರ್ಮಿ ಪ್ರಸನ್ನ ಅವರು ಹಳ್ಳಿಯ ಹೆಣ್ಣುಮಕ್ಕಳನ್ನು ಕೂಡಿಸಿಕೊಂಡು 1990ರ ದಶಕದಲ್ಲಿ ಶುರು ಮಾಡಿದ ಸಹಕಾರ ಸಂಘ ಅದು. ಕೈಮಗ್ಗದ ಬಟ್ಟೆ, ಗಿಡಮರಗಳ ಬಣ್ಣ. ಚೊಗರಿಂದ ಬಟ್ಟೆಗೆ ಬಣ್ಣ ಹಾಕುತ್ತಾರೆ ಅಂದಾಗ ಅಪ್ಪ ನಂಬಿರಲಿಲ್ಲ. ಅಲ್ಲಿ ಹೋಗಿ ಅವರು ಮೊದಲು ನೋಡಿದ್ದು ಮಗ್ಗವನ್ನಲ್ಲ, ಒಣಗಲು ಹಾಕಿದ್ದ ನೂಲನ್ನು. ಒಂದು ಲಡಿಯನ್ನು ಮುಟ್ಟಿ, ಹಿಂಡಿ, ಮೂಸಿ ನೋಡಿದರು. "ನೂಲು ಬಿರುಸಾಗೈತಿ. ಒಗರು ಕುಡದೈತಿ," ಅಂದರು. ಎರಡು ಲಡಿ ಪಕ್ಕ ಪಕ್ಕ ಹಿಡಿದು, ಒಂದು ಒಂಚೂರು ಕೆಂಪು, ಇನ್ನೊಂದು ಒಂಚೂರು ಕಂದು ಅಂತ ತೋರಿಸಿದರು. ನಾನು ಇದೇ ಅದರ ದೋಷ ಇರಬೇಕು ಅಂದುಕೊಂಡೆ. ಅಪ್ಪ ಹಾಗೆ ಅನ್ನಲಿಲ್ಲ. ಹಾಸಿನ ಎಳೆಗೆ ಒಂದೇ ಬಾನಿಯ ನೂಲು ತಗೊಂಡು, ಅಡ್ಡ ಎಳೆಯಾದ ಹೊಕ್ಕಿಗೆ ಎರಡು ಮೂರು ಲಾಳಿ ಬದಲಿಸಿ ಬದಲಿಸಿ ಹೊಡೆದರೆ ಆ ಹೆಚ್ಚುಕಡಿಮೆಯೇ ಬಟ್ಟೆಗೆ ಚಂದ ಕೊಡುತ್ತದೆ ಅಂದರು. ನಲವತ್ತು ವರ್ಷ ಮಗ್ಗದಲ್ಲಿ ಕೂತವರು ಹಾಗೆ ಯೋಚಿಸುತ್ತಾರೆ.

ಆ ವಾರ ಮನೆಯಲ್ಲೇ ನಾಲ್ಕು ಲಡಿಗೆ ಬಣ್ಣ ಹಾಕಿದೆವು. ಬಿಳಿ ಹತ್ತಿ ನೂಲನ್ನು ಮೊದಲು ಅಂಟುವಾಳದ ನೀರಲ್ಲಿ ಚೆನ್ನಾಗಿ ಕುದಿಸಿದೆವು. ನೂಲಿಗೆ ಅದರದ್ದೇ ಒಂದು ಜಿಡ್ಡು ಇರುತ್ತದೆ, ಅದು ಹೋಗದಿದ್ದರೆ ಬಣ್ಣ ಒಳಗೆ ಇಳಿಯುವುದಿಲ್ಲ. ಆಮೇಲೆ ಪಟಿಕದ ನೀರಲ್ಲಿ ಒಂದು ರಾತ್ರಿ. ಬೆಳಿಗ್ಗೆ ಮನೆಯ ಅಮ್ಮ ಒಂದು ತಂಬಿಗೆ ಹಳೆ ಚೊಗರು ಕೊಟ್ಟರು, ಜೇನಿಗಿಂತ ಗಟ್ಟಿ. ನೀರು ಬೆರೆಸಿ ಕುದಿಸಿ ನೂಲು ಮುಳುಗಿಸಿದೆವು. ಅಪ್ಪ ಒಲೆ ಬಿಟ್ಟು ಏಳಲಿಲ್ಲ. ಬಿದಿರ ಕೋಲಲ್ಲಿ ಲಡಿಯನ್ನು ತಿರುಗಿಸುತ್ತಲೇ ಇದ್ದರು. ಒಂದೇ ಕಡೆ ಬಿಟ್ಟರೆ ಪಟ್ಟೆ ಬೀಳುತ್ತದೆ.

ಒಂದು ಗಂಟೆಯ ನಂತರ ಎತ್ತಿದಾಗ ನಾಲ್ಕೂ ಲಡಿ ಒಂದೇ ಬಣ್ಣ, ಹಾಲು ಜಾಸ್ತಿ ಹಾಕಿದ ಚಹಾದ ಹಾಗೆ. ನನಗೆ ಸ್ವಲ್ಪ ಬೇಜಾರಾಯಿತು. ಆಗ ಅಪ್ಪ ಎಲೆಯಡಿಕೆ ಸಂಚಿಯಿಂದ ಸುಣ್ಣದ ಡಬ್ಬಿ ತೆಗೆದರು. ಸುಣ್ಣ ನೀರಿಗೆ ಕದಡಿ, ತಿಳಿ ಮಾತ್ರ ಬಸಿದು, ಅದರಲ್ಲಿ ಎರಡು ಲಡಿ ಅದ್ದಿದರು. ನನ್ನ ಕಣ್ಣ ಮುಂದೆಯೇ ಅದು ಕೆಂಪಾಯಿತು. ಅಡಿಕೆಗೆ ಸುಣ್ಣ ತಾಗಿದರೆ ಬಾಯಿ ಕೆಂಪಾಗುವುದು ದಿನವೂ ನೋಡಿದ್ದೇ, ನೂಲಲ್ಲಿ ನೋಡಿದ್ದು ಅವತ್ತೇ. ಇನ್ನೊಂದು ಲಡಿಯನ್ನು ತುಕ್ಕು ನೀರಿಗೆ ಹಾಕಿದೆವು. ಹಳೆ ಮೊಳೆ, ಬೆಲ್ಲ, ನೀರು ಹಾಕಿ ಹದಿನೈದು ದಿನ ಮುಂಚೆಯೇ ಮುಚ್ಚಿಟ್ಟಿದ್ದೆ. ಅದು ಮಳೆಮೋಡದಂಥ ಕಪ್ಪಾಯಿತು. ಸುಲಿಯುವ ಹೆಂಗಸರ ಬೆರಳು ಕಪ್ಪಾಗುವುದು ಯಾಕೆ ಅಂತ ಆಗ ಹೊಳೆಯಿತು. ಕಬ್ಬಿಣದ ಕತ್ತಿ, ಹಸಿ ಅಡಿಕೆಯ ಒಗರು.

ನಾಲ್ಕನೆಯದನ್ನು ಹಾಗೇ ಬಿಟ್ಟೆವು. ಅದು ನನ್ನ ಸೆರಗಿನ ಕಲೆಯದೇ ಬಣ್ಣ.

ಅಪ್ಪ ಸುಣ್ಣ ಕುಡಿದ ಎರಡೂ ಲಡಿಗಳನ್ನು ಇಳಕಲ್ಲಿಗೆ ಒಯ್ದರು. ಒಂದನ್ನು ಅರ್ಧಕ್ಕೆ ಕಾಗದ ಸುತ್ತಿ ಮಾಳಿಗೆಯ ಬಿಸಿಲಿಗೆ ಇಟ್ಟರಂತೆ. ನಮ್ಮೂರ ಬಿಸಿಲು ಗೊತ್ತಲ್ಲ, ತಗಡೂ ಬಣ್ಣ ಬಿಡುತ್ತದೆ. ಒಂದು ತಿಂಗಳ ನಂತರ ಫೋನ್ ಮಾಡಿದರು.

"ಕಾಗದ ಬಿಚ್ಚಿ ನೋಡಿದೆ. ಬಿಸಲಾಗಿದ್ದದ್ದು ಒಂಚೂರು ಕಂದ್ಯೈತಿ, ಅಷ್ಟ. ಸುಣ್ಣ ಜಾಸ್ತಿ ಆಗಿತ್ತು, ನೂಲು ಪಿಸಿಯಾಕತ್ತೈತಿ. ಮುಂದಿನ ಸುಗ್ಗಿಗೆ ಕಮ್ಮಿ ಹಾಕೂಣು. ಅಮ್ಮಾರಿಗೆ ಹೇಳು, ಒಂದ್ ಕೊಡ ಚೊಗರು ತಗದಿಡಂತ."