ಇಷ್ಟು ವರ್ಷ ರಿಪೇರಿ ಮಾಡಿದ್ರಿ, ರಸ್ತೆ ಯಾಕೆ ಇನ್ನೂ ಹೀಗೇ ಇದೆ?

ರಿಟೈರ್ ಆದಾಗಿನಿಂದ ಈ ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ. ಮದುವೆ ಊಟದ ಪಂಕ್ತಿಯಲ್ಲಿ, ಚಹಾದಂಗಡಿಯಲ್ಲಿ, ದವಾಖಾನೆಯ ಪಾಳಿಯಲ್ಲಿ, ಎಲ್ಲಿ ಸಿಕ್ಕರೂ ಅದೇ. "ಕಾಕಾ, ಮೂವತ್ತು ವರ್ಷದ ಮ್ಯಾಲ ರೋಡಿನ ಕೆಲಸದಾಗ ಇದ್ರಿ. ಹಂಗಾದ್ರ ರೋಡಿನ್ಯಾಗ ಇನ್ನಾ ತೆಗ್ಗು ಯಾಕ ಅವ? ನೀವು ಮಾಡಿದ್ದಾದ್ರೂ ಏನ್ರಿ?"

ನಗುತ್ತಲೇ ಕೇಳುತ್ತಾರೆ. ಕೇಳಲಿ, ತೆರಿಗೆ ಕಟ್ಟುವವರು ಅವರು. ಆದರೆ ಒಂದು ಕಪ್ ಚಹಾ ಮುಗಿಯುವಷ್ಟರಲ್ಲಿ ಹೇಳಿ ಮುಗಿಸುವ ಉತ್ತರ ಅಲ್ಲ ಅದು. ಅದಕ್ಕೇ ಬರೆಯಲು ಕೂತಿದ್ದೇನೆ.

ನಮ್ಮೂರು ಹುಮನಾಬಾದ್ ಹತ್ತಿರ. ಪುಣೆಯಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿ, ಬೀದರಿನಿಂದ ಕಲಬುರಗಿಗೆ ಹೋಗುವ ಹೆದ್ದಾರಿ, ಎರಡೂ ಕೂಡುವುದು ಹುಮನಾಬಾದಿನಲ್ಲೇ. ಮೊದಲನೆಯದರ ನಂಬರ್ ಆಗ 9, ಈಗ 65. ಹುಮನಾಬಾದಿನಿಂದ ಕಲಬುರಗಿ ಕಡೆಯದು ಆಗ 218, ಈಗ 50. 2010ರಲ್ಲಿ ದೇಶದ ಹೆದ್ದಾರಿಗಳ ನಂಬರೆಲ್ಲ ಬದಲಾದವು. ಹಳದಿ ತಲೆಯ ಕಿಲೋಮೀಟರ್ ಕಲ್ಲುಗಳ ಮೇಲೆ ಹಳೇ ನಂಬರ್ ಅಳಿಸಿ ಹೊಸದು ಬರೆಸುವ ಕೆಲಸಕ್ಕೆ ನಾನೂ ನಿಂತಿದ್ದೆ. 2014ರಲ್ಲಿ ಗುಲ್ಬರ್ಗಾ ಹೋಗಿ ಕಲಬುರಗಿ ಆಯಿತು, ಮತ್ತೆ ಕುಂಚ ಹಿಡಿದೆವು. ಇಷ್ಟೆಲ್ಲ ಆದ ಮೇಲೂ ನಮ್ಮ ಮಂದಿಗೆ ಅದು "ಗುಲ್ಬರ್ಗಾ ರೋಡ್" ಅಷ್ಟೇ.

ನಮ್ಮಪ್ಪ 1972ರ ಬರಗಾಲದಲ್ಲಿ ಸರ್ಕಾರದ ಬರ ಕಾಮಗಾರಿಯಲ್ಲಿ ರಸ್ತೆಗೆ ಖಡಿ ಒಡೆದವರು. ನಾನು ರಸ್ತೆ ರಿಪೇರಿ ಮಾಡುವ ಗ್ಯಾಂಗಿಗೆ ದಿನಗೂಲಿ ಗ್ಯಾಂಗ್‌ಮನ್ ಆಗಿ ಸೇರಿದೆ. ಕಾಯಂ ಆಗಲು ವರ್ಷಗಳೇ ಹಿಡಿದವು. ಕೊನೆಗೆ ವರ್ಕ್ ಇನ್ಸ್‌ಪೆಕ್ಟರ್ ಆಗಿ ಹೊರಬಂದೆ.

ಈಗ ಪ್ರಶ್ನೆಗೆ ಬರೋಣ.

ರಸ್ತೆ ರಿಪೇರಿ ಅಂದರೆ ತೆಗ್ಗು ಮುಚ್ಚುವುದು ಅಂತ ಎಲ್ಲರ ಲೆಕ್ಕ. ನಾವು ತೆಗ್ಗು ಮುಚ್ಚಿದ್ದು ನಿಜ, ಆದರೆ ಜಾಸ್ತಿ ಮಾಡಿದ್ದು ನೀರು ಓಡಿಸುವ ಕೆಲಸ. ಡಾಂಬರಿಗೆ ದೊಡ್ಡ ವೈರಿ ನೀರು. ರಸ್ತೆ ನಡುವೆ ಸ್ವಲ್ಪ ಎತ್ತರ, ಎರಡೂ ಕಡೆ ಇಳಿಜಾರು ಇರುತ್ತದೆ. ಬಿದ್ದ ನೀರು ಪಕ್ಕಕ್ಕೆ ಹರಿದು, ಮಣ್ಣಿನ ಅಂಚು ದಾಟಿ, ಗಟಾರಕ್ಕೆ ಇಳಿದು, ಅಡ್ಡಮೋರಿಯಲ್ಲಿ ಹಾದು ಹಳ್ಳಕ್ಕೆ ಸೇರಬೇಕು. ಈ ದಾರಿಯಲ್ಲಿ ಎಲ್ಲಿ ತಡೆ ಬಿದ್ದರೂ ಮುಂದಿನ ಮಳೆಗಾಲಕ್ಕೆ ಅಲ್ಲೇ ತೆಗ್ಗು ಗ್ಯಾರಂಟಿ.

ತಡೆ ಬೀಳುವುದು ಬಹಳ ಸಣ್ಣ ಸಣ್ಣ ಕಾರಣಕ್ಕೆ. ಮಣ್ಣಿನ ಅಂಚಿನಲ್ಲಿ ಹುಲ್ಲು ಬೆಳೆಯುತ್ತದೆ. ಅದರ ಬುಡಕ್ಕೆ ಧೂಳು ಕೂತು ಅಂಚು ರಸ್ತೆಗಿಂತ ಎರಡು ಬೆರಳು ಎತ್ತರ ಆಗುತ್ತದೆ. ನೋಡಿದರೆ ಗೊತ್ತೇ ಆಗುವುದಿಲ್ಲ. ಆದರೆ ಮಳೆ ಬಂದಾಗ ನೀರು ಅಲ್ಲೇ ನಿಲ್ಲುತ್ತದೆ. ಹೊಲದವರು ಟ್ರ್ಯಾಕ್ಟರ್ ಇಳಿಸಲು ಗಟಾರಕ್ಕೆ ನಾಲ್ಕು ಬುಟ್ಟಿ ಮೊರಂ, ಅಂದರೆ ಗರಸು ಮಣ್ಣು, ಹಾಕುತ್ತಾರೆ. ಪೈಪ್ ಹಾಕಿ ಅಂದರೆ "ಮುಂದಿನ ವಾರ ಹಾಕ್ತೀನ್ರಿ" ಅನ್ನುತ್ತಾರೆ. ಹೊಸ ಧಾಬಾ ಬಂತು ಅಂದರೆ ಲಾರಿ ನಿಲ್ಲಿಸಲು ಗಟಾರವೇ ಮಾಯ. ಅಡ್ಡಮೋರಿಯ ಬಾಯಿಗೆ ಕಸ, ತೊಗರಿ ಕಟ್ಟಿಗೆ, ಕೆಲವೊಮ್ಮೆ ಸತ್ತ ಎಮ್ಮೆ.

ಎಲ್ಲಿ ನೀರು ನಿಲ್ಲುತ್ತದೆ ಅಂತ ತಿಳಿಯಬೇಕಾದರೆ ಮಳೆ ಬರುವಾಗಲೇ ಹೋಗಿ ನೋಡಬೇಕು. ಮಳೆ ನಿಂತ ಮೇಲೆ ಹೋದರೆ ಅರ್ಧ ಸಾಕ್ಷಿ ಅಳಿಸಿ ಹೋಗಿರುತ್ತದೆ. ನನಗೆ ಇದನ್ನು ಕಲಿಸಿದ್ದು ನಮ್ಮ ಗ್ಯಾಂಗಿನ ಹಳೇ ಮೇಸ್ತ್ರಿ. ಉಳಿದವರೆಲ್ಲ ಬೇವಿನ ಮರದ ಕೆಳಗೆ ಓಡಿದರೆ ಆತ ತಲೆಗೆ ಗೋಣಿಚೀಲದ ಕೊಪ್ಪೆ ಹಾಕಿಕೊಂಡು, ಸಲಕಿ ಹೆಗಲಿಗೇರಿಸಿ ಹೊರಡುತ್ತಿದ್ದ. ನೀರು ನಿಂತಲ್ಲಿ ಅಂಚಿಗೆ ಒಂದು ಗೀರು ಹಾಕುತ್ತಿದ್ದ. ಗೇಣು ಅಗಲದ ಗೀರು, ಅಷ್ಟೇ. ನೀರು ಸರ್ರನೆ ಗಟಾರಕ್ಕೆ ಇಳಿಯುತ್ತಿತ್ತು. ಆ ಗೀರಿನಿಂದ ಎಷ್ಟು ತೆಗ್ಗು ತಪ್ಪಿದವು ಅಂತ ಯಾರೂ ಲೆಕ್ಕ ಇಟ್ಟಿಲ್ಲ. ಇಡಲೂ ಬರುವುದಿಲ್ಲ. ಬಿದ್ದ ತೆಗ್ಗಿಗೆ ಬಿಲ್ ಆಗುತ್ತದೆ, ಬೀಳದ ತೆಗ್ಗಿಗೆ ಬಿಲ್ ಎಲ್ಲಿಂದ ಮಾಡುವುದು? ನಮ್ಮ ಕೆಲಸದ ದೊಡ್ಡ ಪಾಲು ಹೀಗೆ ಕಣ್ಣಿಗೆ ಕಾಣದೇ ಹೋಯಿತು.

ಇನ್ನು ನಮ್ಮ ಮಣ್ಣು. ಮೈಸೂರು ಕಡೆಯಿಂದ ವರ್ಗವಾಗಿ ಬಂದ ಇಂಜಿನಿಯರುಗಳು ಮೊದಲ ಬೇಸಿಗೆಯಲ್ಲಿ ಇದನ್ನು ನೋಡಿ ಗಾಬರಿ ಬೀಳುತ್ತಿದ್ದರು. ಯರಿ ಮಣ್ಣು, ಅಂದರೆ ಕಪ್ಪು ಮಣ್ಣು, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಮಳೆ ಬಿದ್ದರೆ ಹಂಚಿನ ಮೇಲಿನ ರೊಟ್ಟಿ ಹಾಗೆ ಉಬ್ಬುತ್ತದೆ. ಮೇಲಿರುವ ರಸ್ತೆ ಏನು ಮಾಡಬೇಕು? ಅದೂ ಜೊತೆಗೇ ಏರುತ್ತದೆ, ಇಳಿಯುತ್ತದೆ. ಮೊದಲು ಅಂಚಿನುದ್ದಕ್ಕೂ ಒಂದು ಸೀಳು ಕಾಣುತ್ತದೆ. ಅದರೊಳಗೆ ನೀರು ಹೊಕ್ಕರೆ ಕೆಳಗಿನ ಮಣ್ಣು ಮೆತ್ತಗಾಗಿ ಅಂಚು ಕುಸಿಯುತ್ತದೆ. ಇಂಥ ರಸ್ತೆಯಲ್ಲಿ ರಾತ್ರಿ ಎದುರಿಗೆ ಬರುವ ಟ್ಯಾಂಕರಿನ ದೀಪ ನೋಡಿ, ಮೇಲೆ ಕೆಳಗೆ ಕುಣಿಯುತ್ತಿರುತ್ತದೆ. ಡಾಂಬರ್ ನುಣ್ಣಗೇ ಇರುತ್ತದೆ, ಬುಡವೇ ಅಲೆ ಎದ್ದಿರುತ್ತದೆ.

ಇದಕ್ಕೆ ಮದ್ದು ಇಲ್ಲವೇ ಅಂದರೆ ಇದೆ. ಯರಿ ಮಣ್ಣು ತೆಗೆದು ಮೊರಂ ತುಂಬಬೇಕು, ಇಲ್ಲ ಸುಣ್ಣ ಬೆರೆಸಿ ಗಟ್ಟಿ ಮಾಡಬೇಕು. ಎರಡಕ್ಕೂ ರೊಕ್ಕ ಬೇಕು, ಅದೂ ರಸ್ತೆ ಕಟ್ಟುವಾಗಲೇ. ಕಟ್ಟುವಾಗ ಬುಡದಲ್ಲಿ ಉಳಿಸಿದ್ದನ್ನು ಮೇಲೆ ಎಷ್ಟು ಡಾಂಬರ್ ಸುರಿದರೂ ತುಂಬಿಕೊಡಲು ಆಗದು. ಗ್ಯಾಂಗಿನವರ ಕೈಯಲ್ಲಿ ಇದ್ದದ್ದು ಸೀಳಿಗೆ ಡಾಂಬರ್ ಹೊಯ್ದು ಮುಚ್ಚುವುದು, ಅಂಚಿಗೆ ಮೊರಂ ಹಾಕುವುದು, ಇಷ್ಟೇ.

ತೂಕದ ವಿಷಯ ಬೇರೆ. ಸೇಡಂ, ಚಿತ್ತಾಪುರ, ವಾಡಿ ಕಡೆಯಿಂದ ಸಿಮೆಂಟ್ ಲಾರಿಗಳು, ಸುಗ್ಗಿಯಲ್ಲಿ ಎರಡೆರಡು ಟ್ರೈಲರ್ ಕಟ್ಟಿಕೊಂಡ ಕಬ್ಬಿನ ಟ್ರ್ಯಾಕ್ಟರ್‌ಗಳು. 1950ರ ದಶಕದ ಕೊನೆಗೆ ಅಮೆರಿಕದಲ್ಲಿ ಒಂದು ದೊಡ್ಡ ಪರೀಕ್ಷೆ ಮಾಡಿದ್ದರಂತೆ. ಬೇರೆ ಬೇರೆ ತೂಕದ ಲಾರಿಗಳನ್ನು ಒಂದೇ ಸಮನೆ ಓಡಿಸಿ ರಸ್ತೆ ಎಷ್ಟು ಸವೆಯುತ್ತದೆ ಅಂತ ನೋಡಿದ್ದು. ಅದರಿಂದ ಸಿಕ್ಕ ಲೆಕ್ಕವನ್ನು ಒಬ್ಬ ಇಂಜಿನಿಯರ್ ಸಾಹೇಬರು ನಮಗೆ ನೆಲದ ಮೇಲೆ ಕಡ್ಡಿಯಿಂದ ಬರೆದು ತೋರಿಸಿದ್ದರು. ಆಕ್ಸಲ್, ಅಂದರೆ ಗಾಲಿಗಳನ್ನು ಕೂಡಿಸುವ ಅಚ್ಚು, ಅದರ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಆಗುವ ಹಾನಿ ಎರಡು ಪಟ್ಟಲ್ಲ, ಸುಮಾರು 16 ಪಟ್ಟು. 2018ರಲ್ಲಿ ಒಂದು ಆಕ್ಸಲ್‌ನ ಮಿತಿಯನ್ನೇ 10.2 ಟನ್‌ನಿಂದ 11.5 ಟನ್‌ಗೆ ಏರಿಸಿದರು. ಮೊದಲೇ ಮಿತಿ ಮೀರುತ್ತಿದ್ದವರು ಅದರ ಮೇಲೂ ಮೀರಿದರು, ಅಲ್ವಾ?

ತೊಗರಿ ರಾಶಿಯ ಬಗ್ಗೆ ಕೇಳಬೇಡಿ ಅಂದರೂ ಕೇಳುತ್ತೀರಿ. ಡಿಸೆಂಬರ್, ಜನವರಿಯಲ್ಲಿ ಕೊಯ್ದ ತೊಗರಿಯನ್ನು ರಸ್ತೆ ಮೇಲೆ ಹರಡುತ್ತಾರೆ. ಹೋಗುವ ಗಾಡಿಗಳ ಗಾಲಿಗೆ ಕಾಯಿ ಒಡೆದು ಕಾಳು ಬಿಡುತ್ತದೆ. ಬೈಕಿನವರಿಗೆ ಅದು ಜೀವಕ್ಕೆ ಕುತ್ತು, ಗಾಲಿ ಜಾರುತ್ತದೆ. ಹೇಳಿ ತೆಗೆಸುವುದು ನನ್ನ ಕೆಲಸ. ಹೇಳುತ್ತಿದ್ದೆ. ಆದರೆ ನಾನೂ ಒಕ್ಕಲುತನದ ಮನೆಯವನು. ಹೊಲದಲ್ಲಿ ಕಣ ಮಾಡಲು ಆಳು ಸಿಗುವುದಿಲ್ಲ, ಮಷಿನ್ ಬಾಡಿಗೆ ಕೊಡಲು ಎಲ್ಲರಿಗೂ ಆಗುವುದಿಲ್ಲ. ಒಬ್ಬ ಮುದುಕಿ ನನಗೆ, "ಯಪ್ಪಾ, ನಿನ್ನ ರೋಡ್ ನಾ ಹೊತ್ತುಕೊಂಡು ಹೋಗಾಕಿ ಅಲ್ಲ, ಸಂಜಿಗಿ ತಗೀತೀನಿ" ಅಂದಿದ್ದಳು. ಕೆಂಪು ಬಾವುಟ ಒಂದನ್ನು ಆಕೆಯ ರಾಶಿಯ ಈ ಕಡೆ, ಇನ್ನೊಂದನ್ನು ಆ ಕಡೆ ಕಲ್ಲಿಗೆ ಸಿಕ್ಕಿಸಿ ಬಂದೆ. ಪುಸ್ತಕದ ಪ್ರಕಾರ ಅದು ಸರಿಯಲ್ಲ. ಆದರೆ ಊರೂರಿಗೆ ಒಂದು ಸಿಮೆಂಟ್ ಕಣ ಮಾಡಿಕೊಡದೇ ಬರೀ ಗದರಿದರೆ ಇದು ನಿಲ್ಲುವುದಿಲ್ಲ ಅಂತ ನಾನು ಈಗಲೂ ಹೇಳುತ್ತೇನೆ.

ಸರಿ, ತೆಗ್ಗು ಮುಚ್ಚಿದ ಮೇಲಾದರೂ ಯಾಕೆ ನಿಲ್ಲುವುದಿಲ್ಲ? ನಿಲ್ಲುತ್ತದೆ, ಮಾಡುವ ಹಾಗೆ ಮಾಡಿದರೆ. ಮೊದಲು ಹಾರಿಯಿಂದ ತೆಗ್ಗಿನ ಸುತ್ತ ಸಡಿಲಾದದ್ದನ್ನೆಲ್ಲ ಕಿತ್ತು ಚೌಕಾಗಿ ಕಡಿಯಬೇಕು. ಅಂಚು ಗೋಡೆ ಹಾಗೆ ನೆಟ್ಟಗೆ ನಿಲ್ಲಬೇಕು. ತಟ್ಟೆ ಆಕಾರಕ್ಕೆ ಬಿಟ್ಟರೆ ಹಾಕಿದ ಮಾಲು, ಅಂದರೆ ಡಾಂಬರ್ ಬೆರೆಸಿದ ಖಡಿ, ಗಾಲಿಗೆ ಸಿಕ್ಕು ಎದ್ದು ಬರುತ್ತದೆ. ಆಮೇಲೆ ಗುಡಿಸಬೇಕು, ಒಣಗಿರಬೇಕು, ತಳಕ್ಕೂ ಅಂಚಿಗೂ ತೆಳ್ಳಗೆ ಡಾಂಬರ್ ಹಚ್ಚಬೇಕು. ನಂತರ ಬಿಸಿ ಮಾಲು ಹಾಕಿ ಅಂಚಿನಿಂದ ನಡುವಿಗೆ ಬಡಿಯುತ್ತಾ ಬರಬೇಕು. ಸ್ವಲ್ಪ ಉಬ್ಬು ಬಿಡಬೇಕು, ಗಾಡಿಗಳು ಓಡಾಡಿ ಅದನ್ನು ಸಮ ಮಾಡುತ್ತವೆ. ಇದಕ್ಕೆಲ್ಲ ಹೊತ್ತು ಬೇಕು, ಒಣ ಹವೆ ಬೇಕು. ಆದರೆ ತೆಗ್ಗಿನ ಬಗ್ಗೆ ಪೇಪರಿನಲ್ಲಿ ಬರುವುದು, ಮೇಲಿನವರ ಫೋನ್ ಬರುವುದು ಎಲ್ಲಾ ಮಳೆಗಾಲದಲ್ಲೇ. "ಇವತ್ತು ಸಂಜೆಯೊಳಗೆ ಮುಚ್ಚಿ" ಅಂದರೆ ನೀರಿನಲ್ಲೇ ಮೊರಂ, ಖಡಿ ಸುರಿದು ಬರುತ್ತಿದ್ದೆವು. ಮೂರು ದಿನಕ್ಕೆ ಖಡಿ ಎಲ್ಲಾ ರಸ್ತೆ ತುಂಬ. ಬೈಯಿಸಿಕೊಳ್ಳುವವರು ಮತ್ತೆ ನಾವೇ.

ಒಣ ಹವೆ ಅಂದರೆ ನಮ್ಮಲ್ಲಿ ಬೇಸಿಗೆ. ಏಪ್ರಿಲ್, ಮೇನಲ್ಲಿ ಬಿಸಿಲು 42, 43 ಡಿಗ್ರಿ. ಬಾಯ್ಲರಿನಲ್ಲಿ ಡಾಂಬರ್ 150 ಡಿಗ್ರಿ ದಾಟಿರುತ್ತದೆ. ಆ ಎರಡರ ನಡುವೆ ಮನುಷ್ಯರು. ಕಾಲಿಗೆ ಚಪ್ಪಲಿ ಮೇಲೆ ಗೋಣಿಚೀಲ ಸುತ್ತಿಕೊಂಡು ಬಿಸಿ ಮಾಲಿನ ಬುಟ್ಟಿ ಹೊತ್ತ ಹೆಣ್ಣುಮಕ್ಕಳನ್ನು ನೀವೂ ನೋಡಿರುತ್ತೀರಿ, ಬಸ್ಸಿನ ಕಿಟಕಿ ಮುಚ್ಚಿಕೊಳ್ಳುತ್ತಾ. ಬಿಸಿಲಿಗೆ ನಮ್ಮ ಭಾಗದ ಸರ್ಕಾರಿ ಆಫೀಸುಗಳಿಗೆ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30 ಅಂತ ಹೊತ್ತು ಬದಲಿಸುತ್ತಾರೆ. ಬಾಯ್ಲರಿಗೆ ಆ ಆದೇಶ ತಲುಪುವುದಿಲ್ಲ.

ನಾನು ರಿಟೈರ್ ಆದದ್ದು ಮೇ 31ಕ್ಕೆ. ನನ್ನ ಹುಟ್ಟಿದ ದಿನ ಜೂನ್ 1, ನಮ್ಮ ವಾರಿಗೆಯ ಅರ್ಧ ಮಂದಿಯದೂ ಅದೇ. ಶಾಲೆಗೆ ಹೆಸರು ಹಚ್ಚುವಾಗ ಮಾಸ್ತರರು ದಯಪಾಲಿಸಿದ ತಾರೀಖು. ತಿಂಗಳ ಒಂದನೇ ತಾರೀಖು ಹುಟ್ಟಿದವರಿಗೆ ಹಿಂದಿನ ತಿಂಗಳ ಕೊನೆಗೇ ಬಿಡುಗಡೆ. ಶಾಲು, ಹಾರ, ಗೋಡೆ ಗಡಿಯಾರ ಎಲ್ಲಾ ಆಯಿತು. 2006ರ ಏಪ್ರಿಲಿಗೆ ಮೊದಲೇ ಕಾಯಂ ಆಗಿದ್ದರಿಂದ ಹಳೇ ಪಿಂಚಣಿ ಸಿಕ್ಕಿತು. ನನ್ನ ಜೊತೆ ಸಲಕಿ ಹಿಡಿದ ಕೆಲವರು ಕಾಯಂ ಆಗದೇ ಮನೆಗೆ ಹೋದರು. ಕೆಲಸ ಒಂದೇ, ಕಾಗದ ಬೇರೆ. ಈಗ ನವೆಂಬರ್ ಬಂದರೆ ಬ್ಯಾಂಕಿಗೆ ಹೋಗಿ ನಾನು ಬದುಕಿದ್ದೇನೆ ಅಂತ ಬರೆದುಕೊಟ್ಟು ಬರುತ್ತೇನೆ.

ಕಷ್ಟ ಆದದ್ದು ಮೊದಲ ಮಳೆಗಾಲ. ಮೇ ತಿಂಗಳು ನಮಗೆ ಗಟಾರ, ಅಡ್ಡಮೋರಿಗಳ ಕಸ ಬಳಿಯುವ ಕಾಲ. ಬಳಿದಿಟ್ಟು ಬಂದೆ, ಮಳೆ ಬಂದಾಗ ನೋಡಲು ನಾನಿಲ್ಲ. ರಾತ್ರಿ ಮಳೆ ಹಿಡಿದರೆ ಎಚ್ಚರ ಆಗಿಬಿಡುತ್ತಿತ್ತು. ಯಾವ ಮೋರಿ ಕಸ ಕಟ್ಟಿರಬಹುದು, ಗುಲ್ಬರ್ಗಾ ರೋಡಿನ ಕಮಲಾಪುರದ ಆಚೆಯದೋ ಈಚೆಯದೋ ಅಂತ ಲೆಕ್ಕ ಹಾಕುತ್ತಾ ಮಲಗಿರುತ್ತಿದ್ದೆ. ಆಗಸ್ಟಿನಲ್ಲಿ ಒಂದು ರಾತ್ರಿ ಎದ್ದು ಕೊಡೆ ಹುಡುಕುತ್ತಿದ್ದಾಗ ಮಗ ದೀಪ ಹಾಕಿ, "ಅಪ್ಪಾ, ಈಗ ಅದು ನಿಮ್ದಲ್ಲ" ಅಂದ. ಅವನು ಹೇಳಿದ್ದು ಸರಿ.

ಹಾಗಾದರೆ ಈಗ ಅದು ಯಾರದು? ಗ್ಯಾಂಗಿನ ಜಾಗಗಳು ಖಾಲಿಯಾದ ಹಾಗೆ ತುಂಬಲಿಲ್ಲ. ರಸ್ತೆ ಕಟ್ಟಿದ ಗುತ್ತಿಗೆದಾರರೇ ಕೆಲವು ವರ್ಷ ನೋಡಿಕೊಳ್ಳಬೇಕು ಅಂತ ಕರಾರು ಇರುತ್ತದೆ. ಇದರಲ್ಲಿ ಒಳ್ಳೆಯದೂ ಇದೆ. ನಾವು ವಾರಗಟ್ಟಲೆ ಮಾಡುತ್ತಿದ್ದದ್ದನ್ನು ಮಷಿನ್ ಒಂದು ದಿನಕ್ಕೆ ಮುಗಿಸುತ್ತದೆ, ನಮಗಿಂತ ಸಮ ಹಾಕುತ್ತದೆ. ಹೊಸ ರಸ್ತೆಯ ಮೇಲೆ ಹೋಗುವಾಗ ನನಗೂ ಖುಷಿಯೇ. ಆದರೆ ಮಷಿನ್ ಬರುವುದು ರಸ್ತೆ ಕೆಟ್ಟ ಮೇಲೆ. ಜೀಪಿನಲ್ಲಿ ಹೋಗುವವರಿಗೆ ಎರಡು ಬೆರಳಿನ ಹುಲ್ಲು ಕಾಣುವುದಿಲ್ಲ. ದಿನಾ ನಡೆದು ನೋಡುವ ಒಬ್ಬ ಮನುಷ್ಯ, ಅವನ ಕೈಯಲ್ಲಿ ಒಂದು ಸಲಕಿ, ಇಷ್ಟನ್ನು ನಾವು ಉಳಿತಾಯ ಅಂತ ತೆಗೆದುಹಾಕಿದೆವು. ರಸ್ತೆ ಯಾಕೆ ಹೀಗಿದೆ ಅಂತ ಕೇಳುವವರಿಗೆ ನನ್ನ ಉತ್ತರದ ಅರ್ಧ ಭಾಗ ಇದು. ಉಳಿದರ್ಧ ಆ ಧಾಬಾ, ಆ ಲಾರಿ, ಆ ಮೊರಂ.

ನಾನು ಸುಮ್ನೆ ಕೂತಿಲ್ಲ. ಕಲಬುರಗಿಗೆ ಮಗಳ ಮನೆಗೆ ಹೋಗುವಾಗ ಕೆಕೆಆರ್‌ಟಿಸಿ ಬಸ್ಸಿನಲ್ಲಿ ಎಡಗಡೆ ಕಿಟಕಿ ಸೀಟೇ ಬೇಕು ನನಗೆ, ಗಟಾರ ಕಾಣುವುದು ಆ ಕಡೆಯಿಂದ. ಕಸ ಕಟ್ಟಿದ ಮೋರಿ ಕಂಡರೆ ಕಿಲೋಮೀಟರ್ ಕಲ್ಲಿನ ಸಂಖ್ಯೆ ಚೀಟಿಯಲ್ಲಿ ಬರೆದುಕೊಂಡು, ಇಳಿದ ಮೇಲೆ ಆ ಭಾಗದ ಹುಡುಗ ಇಂಜಿನಿಯರಿಗೆ ಫೋನ್ ಮಾಡುತ್ತೇನೆ. ಪಾಪ, ಎತ್ತುತ್ತಾನೆ. ಕೆಲವು ಮಾಡಿಸಿದ್ದಾನೆ, ಕೆಲವಕ್ಕೆ "ನೋಡ್ತೀನಿ ಸರ್" ಅಂದಿದ್ದಾನೆ. ಕಿಟಕಿ ಸೀಟಿಗಾಗಿ ನನಗೂ ಮನೆಯವಳಿಗೂ ಪ್ರತಿ ಸಲ ಜಗಳ. 2023ರ ಜೂನಿನಿಂದ ಹೆಣ್ಣುಮಕ್ಕಳಿಗೆ ಬಸ್ ಪುಕ್ಕಟೆ ಆದ ಮೇಲೆ ಆಕೆಯ ಕೈಗೆ ಹೊಸ ಮಾತು ಸಿಕ್ಕಿದೆ. "ನಾ ಪುಕ್ಕಟ ಬಂದು ಹೊಲ ನೋಡ್ತೀನಿ. ನೀವು ರೊಕ್ಕಾ ಕೊಟ್ಟು ಬಂದು ಗಟಾರ ನೋಡ್ತೀರಿ. ಸರೀರಿ ಆ ಕಡಿ!"