ಅಪ್ಪನ ಜೊತೆ ಪಡಾಂಗ್ ಮೈದಾನಕ್ಕೆ

ಬರುವ ಸೆಪ್ಟೆಂಬರ್‌ನಲ್ಲಿ ಅಪ್ಪ ಸಿಂಗಪುರಕ್ಕೆ ಬರುತ್ತಿದ್ದಾರೆ. ಎಷ್ಟೋ ವರ್ಷದಿಂದ ಕರೆಯುತ್ತಲೇ ಇದ್ದೆ. ವಿರಾಜಪೇಟೆ ಕಡೆಯ ಕಾಫಿ ತೋಟ ಅವರನ್ನು ಬಿಡುತ್ತಿರಲಿಲ್ಲ. ಅರೇಬಿಕಾ ಕೊಯ್ಲು ಮುಗಿಯುವಷ್ಟರಲ್ಲಿ ರೋಬಸ್ಟಾ, ಆಮೇಲೆ ಹೂಮಳೆ ಕಾಯೋದು, ಮಳೆ ಹಿಡಿದರೆ ಗದ್ದೆ ನಾಟಿ. ಕೊನೆಗೆ ಒಂದು ಸಂದು ಸಿಕ್ಕಿತು. ಸೆಪ್ಟೆಂಬರ್ 3ಕ್ಕೆ ಕೈಲ್ ಮುಹೂರ್ತ, ನಮ್ಮ ಕೊಡಗಿನ ಆಯುಧಪೂಜೆ ಹಬ್ಬ. ಕೋವಿಗೆ ತೋಕ್ ಪೂ (ಕೋವಿ ಹೂವು) ಸಿಕ್ಕಿಸಿ, ಪೂಜೆ ಮಾಡಿ, ಹಬ್ಬದೂಟ ಮುಗಿಸಿ ಹೊರಟರೆ 12ರ ಹೊತ್ತಿಗೆ ಇಲ್ಲಿರಬಹುದು.

ಆ 12ನೇ ತಾರೀಕು ನನಗೆ ಮುಖ್ಯ. 1945ರ ಸೆಪ್ಟೆಂಬರ್ 12ರಂದು ಜಪಾನ್ ಸೇನೆ ಮೌಂಟ್‌ಬ್ಯಾಟನ್ ಎದುರು ಶರಣಾಗಿದ್ದು ಪಡಾಂಗ್ ಮೈದಾನದ ಪಕ್ಕದ ಮುನಿಸಿಪಲ್ ಕಟ್ಟಡದಲ್ಲಿ. ಸಿಂಗಪುರದ ಶರಣಾಗತಿಯಲ್ಲಿ ಭಾರತದ ಪ್ರತಿನಿಧಿಯಾಗಿದ್ದವರು ನಮ್ಮ ಮಡಿಕೇರಿಯ ತಿಮ್ಮಯ್ಯ, ಮುಂದೆ ಸೇನಾ ಮುಖ್ಯಸ್ಥರಾದ ಜನರಲ್ ತಿಮ್ಮಯ್ಯ. ಅದಕ್ಕೆ ಎರಡು ವರ್ಷ ಮೊದಲು, 1943ರ ಜುಲೈ 5ರಂದು, ಅದೇ ಕಟ್ಟಡದ ಮುಂದೆ ನೇತಾಜಿ ಐಎನ್‌ಎ (ಆಜಾದ್ ಹಿಂದ್ ಫೌಜ್) ಸೈನಿಕರಿಗೆ ‘ಚಲೋ ದಿಲ್ಲಿ’ ಅಂದಿದ್ದರು. ಜಪಾನ್ ಜೊತೆ ಸೇರಿ ಬ್ರಿಟಿಷರ ವಿರುದ್ಧ ಹೋರಾಡಿದ ಆ ಐಎನ್‌ಎಗೆ ಸೇರಿದವರಲ್ಲಿ ತಿಮ್ಮಯ್ಯನವರ ಅಣ್ಣ ಪೊನ್ನಪ್ಪನೂ ಒಬ್ಬರು. ಒಂದೇ ಮನೆಯ ಮಕ್ಕಳು, ಎರಡು ಸೇನೆ. ಸಿಂಗಪುರದಲ್ಲಿ ಅಪ್ಪನಿಗೆ ತೋರಿಸಲು ನೂರು ಜಾಗ ಇವೆ. ಆದರೆ ಇದೊಂದು ಜಾಗ ಬಿಟ್ಟರೆ ಉಳಿದಿದ್ದೆಲ್ಲ ನನಗೆ ಎರಡನೆಯದು.

ಅಪ್ಪ ಸೇನೆಯಲ್ಲೇ ದುಡಿದು ನಿವೃತ್ತರಾದವರು. ಐಎನ್‌ಎ ವಿಷಯ ಬಂದರೆ ಮೊದಲೆಲ್ಲ ಮಾತು ನಿಲ್ಲಿಸಿಬಿಡುತ್ತಿದ್ದರು. ಸೈನಿಕ ಒಮ್ಮೆ ಪ್ರಮಾಣ ಮಾಡಿದರೆ ಮುಗಿಯಿತು ಅನ್ನೋದು ಅವರ ಲೆಕ್ಕ. ನಾನು ಇಲ್ಲಿ ಓದಿದ್ದನ್ನು ಫೋನಿನಲ್ಲಿ ಹೇಳುತ್ತಾ ಬಂದೆ. 1942ರ ಫೆಬ್ರವರಿ 15ಕ್ಕೆ ಬ್ರಿಟಿಷರು ಶರಣಾದರು. ಎರಡೇ ದಿನಕ್ಕೆ ಸುಮಾರು 45,000 ಭಾರತೀಯ ಸೈನಿಕರನ್ನು ಫ್ಯಾರರ್ ಪಾರ್ಕ್‌ನಲ್ಲಿ ಸೇರಿಸಿ ಜಪಾನಿಯರ ಕೈಗೆ ಒಪ್ಪಿಸಿದರು. ಐಎನ್‌ಎಗೆ ಸೇರಿದವರಲ್ಲಿ ಬಹಳ ಜನ ಹೀಗೆ ಸೆರೆಸಿಕ್ಕವರೇ. ಅಷ್ಟು ಕೇಳಿ ಅಪ್ಪ, “ಅಲ್ಲಿ ನಿಂತವನಿಗೆ ಗೊತ್ತು ಕಷ್ಟ. ನಾವು ಯಾರು ತೀರ್ಪು ಕೊಡೋಕೆ?” ಅಂದರು. ಇದನ್ನು ಅವರ ಬಾಯಲ್ಲಿ ಕೇಳಿದ ಮೇಲೇ ಈ ಪ್ರವಾಸ ಆಗಲೇಬೇಕು ಅಂತ ಹಟ ಹಿಡಿದೆ.

ಅವರ ಮಂಡಿ ನೋವು ಜಾಸ್ತಿಯಾಗಿದೆ. ಹಾಗಾಗಿ ದಿನಕ್ಕೆ ಒಂದೇ ಜಾಗ, ಅದೂ ಬೆಳಗ್ಗೆ. ಇಲ್ಲಿ ಸೆಪ್ಟೆಂಬರ್ ಅಂದರೂ ಮಧ್ಯಾಹ್ನ ಮೂವತ್ತು ಡಿಗ್ರಿ ದಾಟುತ್ತೆ, ಬೆವರು ಆರೋದೇ ಇಲ್ಲ. ಕೊಡಗಿನ ಥಂಡಿಯಲ್ಲಿ ಇದ್ದವರಿಗೆ ಅದು ಸುಮ್ನೆ ಅಲ್ಲ. ಪಡಾಂಗ್ ಪಕ್ಕದ ಆ ಕಟ್ಟಡ ಈಗ ನ್ಯಾಷನಲ್ ಗ್ಯಾಲರಿ. ಲಿಫ್ಟ್ ಇದೆ, ಎಸಿ ಇದೆ, ಶರಣಾಗತಿ ನಡೆದ ಸಭಾಂಗಣವೂ ಉಳಿದಿದೆ. ಅಲ್ಲಿಂದ ಸ್ವಲ್ಪ ನಡೆದರೆ ಎಸ್‌ಪ್ಲನೇಡ್ ಪಾರ್ಕ್‌ನಲ್ಲಿ ಐಎನ್‌ಎ ಸ್ಮಾರಕವಿದ್ದ ಜಾಗ. ಬ್ರಿಟಿಷರು ವಾಪಸ್ ಬಂದ ಮೇಲೆ ಸ್ಮಾರಕವನ್ನು ಒಡೆದುಹಾಕಿದರು. 1995ರಲ್ಲಿ ಅಲ್ಲೊಂದು ಗುರುತಿನ ಫಲಕ ನಿಲ್ಲಿಸಿದ್ದಾರೆ.

ಕ್ರಾಂಜಿ ಯುದ್ಧ ಸ್ಮಾರಕ ಗುಡ್ಡದ ಮೇಲಿದೆ. ನಿಧಾನವಾಗಿ ಹತ್ತಬೇಕು, ನಡುನಡುವೆ ನಿಲ್ಲಬೇಕು. ಆದರೂ ಅದನ್ನು ಬಿಡೋದಿಲ್ಲ. ದೇಹ ಸಿಗದೇ ಹೋದ 24,000ಕ್ಕೂ ಹೆಚ್ಚು ಮಂದಿಯ ಹೆಸರು ಅಲ್ಲಿನ ಕಂಬಗಳ ಮೇಲಿದೆ. ಅದರ ಹಿಂದೆ ಇನ್ನೊಂದು ಸ್ಮಾರಕ ಇದೆ, ತಮ್ಮ ಧರ್ಮದ ಪ್ರಕಾರ ದಹನವಾದ ಸುಮಾರು 800 ಸೈನಿಕರದ್ದು. ಹೆಚ್ಚಿನವರು ನಮ್ಮ ದೇಶದವರೇ. ಬಂದವರಲ್ಲಿ ಬಹಳ ಜನ ಮುಂದಿನ ಕಂಬಗಳನ್ನು ನೋಡಿ ಅಲ್ಲಿಂದಲೇ ಇಳಿದುಬಿಡುತ್ತಾರೆ. ದಯವಿಟ್ಟು ಹಿಂದಕ್ಕೂ ಹೋಗಿ.

ಫೋರ್ಟ್ ಕ್ಯಾನಿಂಗ್‌ನ ನೆಲದಡಿಯ ಬ್ಯಾಟಲ್‌ಬಾಕ್ಸ್ (ಯುದ್ಧಕಾಲದ ಬ್ರಿಟಿಷ್ ಬಂಕರ್) ಮಾತ್ರ ಕೈಬಿಟ್ಟಿದ್ದೇನೆ, ಮೆಟ್ಟಿಲು ಅಂದರೆ ಅಪ್ಪನಿಗೆ ಆಗೋದಿಲ್ಲ. ವಿಮಾನ ನಿಲ್ದಾಣದಲ್ಲಿ ವೀಲ್‌ಚೇರ್ ಅಂದಾಗ “ನಾನೇನು ಕಾಯಿಲೆಯವನಾ?” ಅಂತ ರೇಗಿದರು. ಸಾಲಿನಲ್ಲಿ ನಿಲ್ಲೋದು ತಪ್ಪುತ್ತೆ ಅಂದ ಮೇಲೆ ಒಪ್ಪಿದರು. ಅಪ್ಪ ಅಮ್ಮನನ್ನು ಕರೆಸುವವರಿಗೆ ಇನ್ನೊಂದು ಮಾತು: ನಿದ್ದೆ ಮಾತ್ರೆ, ಕೊಡೀನ್ ಇರುವ ಔಷಧಿ ಇದ್ದರೆ ಇಲ್ಲಿ ಮೊದಲೇ ಅನುಮತಿ ಪಡೆಯಬೇಕಾಗಬಹುದು. ಡಾಕ್ಟರ ಚೀಟಿ ಕೈಚೀಲದಲ್ಲೇ ಇರಲಿ.

ಹೊರಡುವ ಮೊದಲು ಅಪ್ಪ ಮಡಿಕೇರಿಯ ಸನ್ನಿಸೈಡ್‌ಗೆ ಹೋಗಿ ಬರಬೇಕು ಅಂತ ನನ್ನ ಷರತ್ತು. ಆ ಅಣ್ಣತಮ್ಮಂದಿರ ಮನೆ ಅದು. ಆಮೇಲೆ ಆರ್‌ಟಿಓ ಕಚೇರಿಯಾಗಿತ್ತು, 2021ರಿಂದ ಮ್ಯೂಸಿಯಂ. ಮನೆಯನ್ನು ನೋಡಿ ಬಂದವರಿಗೆ ಮೈದಾನ ಬೇರೆಯೇ ರೀತಿ ಕಾಣುತ್ತೆ ಅಂತ ನನ್ನ ನಂಬಿಕೆ.

ಊರಲ್ಲಿರುವವರಲ್ಲಿ ಒಂದು ಕೇಳಿಕೆ. ನಿಮ್ಮ ಮನೆಯ ತಾತ, ದೊಡ್ಡಪ್ಪ ಯಾರಾದರೂ ಮಲಯ ಕಡೆ ಹೋಗಿ ವಾಪಸ್ ಬರದೇ ಇದ್ದರೆ ಹೆಸರು, ರೆಜಿಮೆಂಟ್ ಬರೆದು ಕಳಿಸಿ. ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ವೆಬ್‌ಸೈಟ್‌ನಲ್ಲಿ ಹುಡುಕಿದರೆ ಯಾವ ಕಂಬದಲ್ಲಿ ಹೆಸರಿದೆ ಅನ್ನೋದು ಸಿಗುತ್ತದೆ. ಅಪ್ಪ ಮತ್ತು ನಾನು ಅಲ್ಲಿಗೆ ಹೋಗಿ ಹೂವಿಟ್ಟು, ಫೋಟೋ ತೆಗೆದು ಕಳಿಸುತ್ತೇವೆ. ಆಗಸ್ಟ್ ಕೊನೆಯೊಳಗೆ ತಿಳಿಸಿದರೆ ಸಾಕು.