ಸ್ಟ್ಯಾಂಡಿಗೆ ಅನುಮತಿ ಇಲ್ಲ

"ಫೋಟೋಗೆ ಪರ್ಮಿಷನ್ ಇದೆಯಲ್ಲ ಸಾರ್?"
"ಫೋಟೋಗೆ ಇದೆ. ಸ್ಟ್ಯಾಂಡಿಗೆ ಇಲ್ಲ."
"ಯಾಕೆ?"
"ಬೋರ್ಡಲ್ಲಿದೆ ನೋಡಿ."

ಈ ವಾರ ಒಂದು ಸ್ಮಾರಕದ ಬಾಗಿಲಲ್ಲಿ, ಕ್ಯಾಮೆರಾ ಹಿಡಿದು ಬಂದ ಹುಡುಗನಿಗೂ ಕಾವಲಿನವರಿಗೂ ನಡುವೆ ನಡೆದು ಕಿವಿಗೆ ಬಿದ್ದ ಮಾತು ಇಷ್ಟೇ. ಬೋರ್ಡಿನಲ್ಲಿ ಟ್ರೈಪಾಡ್, ಅಂದರೆ ಕ್ಯಾಮೆರಾ ನಿಲ್ಲಿಸುವ ಮೂರು ಕಾಲಿನ ಸ್ಟ್ಯಾಂಡಿನ ಚಿತ್ರ, ಅದರ ಮೇಲೊಂದು ಕೆಂಪು ಗೆರೆ. ಕಾರಣ ಎಲ್ಲೂ ಬರೆದಿರಲಿಲ್ಲ. ಕಾವಲಿನವರು ದನಿ ಏರಿಸಲಿಲ್ಲ, ಹುಡುಗನೂ ಜಗಳಕ್ಕೆ ನಿಲ್ಲಲಿಲ್ಲ. ಇಬ್ಬರೂ ಸಭ್ಯರೇ. ಆದರೂ ಆ "ಯಾಕೆ?" ಹಾಗೇ ಉಳಿದುಹೋದದ್ದು ವಾರವಿಡೀ ಕೊರೆಯುತ್ತಿದೆ. ಉತ್ತರ ಇಲ್ಲದ ಪ್ರಶ್ನೆಯಲ್ಲ ಅದು.

ಮೊದಲನೆಯ ಕಾರಣ ಜಾಗ. ಕಣ್ಣಿನ ಎತ್ತರಕ್ಕೆ ನಿಲ್ಲಿಸಿದ ಟ್ರೈಪಾಡಿನ ಕಾಲುಗಳು ನೆಲದ ಮೇಲೆ ಒಂದು ಮೀಟರಿಗೂ ಹೆಚ್ಚು ಅಗಲ ಹರಡುತ್ತವೆ. ಕಿರಿದಾದ ಮೆಟ್ಟಿಲಲ್ಲಿ, ಸಾಲು ಹೋಗುವ ದಾರಿಯಲ್ಲಿ, ಮೇಲೆ ನೋಡುತ್ತ ನಡೆಯುವವರ ಕಾಲಿಗೆ ಅದೇ ತೊಡಕು. ಮಬ್ಬು ಬೆಳಕಿನಲ್ಲಿ ಕಪ್ಪು ಕಾಲು ಕಾಣುವುದೂ ಇಲ್ಲ. ಎರಡನೆಯದು ಕಾಲಿನ ತುದಿ. ಹಲವು ಟ್ರೈಪಾಡುಗಳ ರಬ್ಬರ್ ಪಾದ ತಿರುಗಿಸಿದರೆ ಒಳಗಿಂದ ಲೋಹದ ಮೊನೆ ಬರುತ್ತದೆ. ರಬ್ಬರ್ ಸವೆದು ಬಿದ್ದುಹೋಗಿದ್ದರೆ ಬರಿಯ ಲೋಹವೇ ಕಲ್ಲಿಗೆ ತಾಗುತ್ತದೆ. ಕ್ಯಾಮೆರಾ, ಲೆನ್ಸಿನ ಭಾರವೆಲ್ಲ ಮೂರು ಬಿಂದುಗಳ ಮೇಲೆ ಇಳಿದರೆ ಅಮೃತಶಿಲೆಗೆ ಗೀರು ಬೀಳಲು ಇನ್ನೇನು ಬೇಕು? ಈ ಎರಡೂ ಕಾರಣಗಳ ಮುಂದೆ ವಾದವಿಲ್ಲ. ತಾಜ್ ಮಹಲಿನ ನಿಷೇಧಿತ ವಸ್ತುಗಳ ಪಟ್ಟಿಯಲ್ಲಿ ಟ್ರೈಪಾಡ್ ಇದೆ, ವ್ಯಾಟಿಕನ್ ಮ್ಯೂಸಿಯಮ್ಮುಗಳೂ ಬಿಡುವುದಿಲ್ಲ, ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡದ ವೀಕ್ಷಣಾ ಮಹಡಿಯಲ್ಲೂ ಇಲ್ಲ. ದಿನವಿಡೀ ಜನ ತುಂಬಿರುವ ಜಾಗಗಳು ಅವು.

ಒಪ್ಪಲಾಗದ್ದು ಮೂರನೆಯ ಕಾರಣ: ಟ್ರೈಪಾಡ್ ಇದ್ದರೆ ವ್ಯಾಪಾರಕ್ಕಾಗಿಯೇ ಶೂಟಿಂಗ್ ಎಂಬ ಊಹೆ. ಜಾಹೀರಾತನ್ನು ಇವತ್ತು ಫೋನಿನಲ್ಲೇ ತೆಗೆದು ಮುಗಿಸುತ್ತಾರೆ. ಅತ್ತ ಕಡೆ, ದುಡ್ಡಿನ ಗೊಡವೆಯೇ ಇಲ್ಲದ ಹವ್ಯಾಸಿಗೆ ನಾಲ್ಕು ಸೆಕೆಂಡಿನ ಎಕ್ಸ್‌ಪೋಶರ್ (ಕ್ಯಾಮೆರಾ ಬೆಳಕು ಹಿಡಿಯುವ ಸಮಯ) ಬೇಕಿರುತ್ತದೆ. ವ್ಯಾಪಾರ ತಡೆಯಬೇಕಿದ್ದರೆ ಉದ್ದೇಶವನ್ನು ಕೇಳಲಿ, ಕಾಲುಗಳನ್ನು ಎಣಿಸುವುದು ಬೇಡ. "ಬೋರ್ಡಲ್ಲಿದೆ ನೋಡಿ" ಎಂದವರ ತಪ್ಪೇನೂ ಇಲ್ಲ. ಅವರ ಕೈಗೆ ಆ ಬೋರ್ಡಿಗಿಂತ ಹೆಚ್ಚಿನದನ್ನು ಯಾರೂ ಕೊಟ್ಟಿಲ್ಲ. "ನೆಲ ಗೀರುತ್ತದೆ, ಜನ ಎಡವುತ್ತಾರೆ" ಎಂದು ಕೆಳಗೊಂದು ಸಾಲು ಬರೆಸಿದ್ದರೆ ಸಾಕಿತ್ತು.

ಸರಿ, ಒಳಗೆ ಬಿಡುವುದಿಲ್ಲ. ಹಾಗೆಂದು ಚಿತ್ರ ಕೈಬಿಡಬೇಕಿಲ್ಲ. ಸಂಜೆ ದೀಪ ಹಚ್ಚಿದ ಮೇಲೆ, ಆಕಾಶದಲ್ಲಿ ಇನ್ನೂ ನೀಲಿ ಇರುವಾಗ, ಒಂದು ಕಟ್ಟಡಕ್ಕೆ ಟ್ರೈಪಾಡಿನ ಮೇಲೆ ಎಫ್/8 (ಲೆನ್ಸಿನ ಕಿಂಡಿಯ ಅಳತೆ, ಅಂಕಿ ಚಿಕ್ಕದಾದಷ್ಟು ಕಿಂಡಿ ದೊಡ್ಡದು), ಐಎಸ್ಒ 100 (ಬೆಳಕಿಗೆ ಕ್ಯಾಮೆರಾದ ಸಂವೇದನೆ), 4 ಸೆಕೆಂಡ್ ಬೇಕು ಎಂದಿಟ್ಟುಕೊಳ್ಳಿ. ಅದೇ ಬೆಳಕನ್ನು ಎಫ್/2.8, ಐಎಸ್ಒ 3200ಕ್ಕೆ ತಂದರೆ ಸುಮಾರು 1/60 ಸೆಕೆಂಡ್ ಸಾಕು. 24 ಮಿಮೀ ಲೆನ್ಸಿಗೆ ಇದು ಕೈಯಲ್ಲಿ ಆರಾಮಾಗಿ ನಿಲ್ಲುವ ವೇಗ. ಲೆನ್ಸ್ ಎಫ್/4ರದ್ದಾದರೆ 1/30. ಕೈ ನಡುಕ ಸರಿದೂಗಿಸುವ ಸ್ಟೆಬಿಲೈಸೇಶನ್ ಇದ್ದರೆ ಇನ್ನೂ ಎರಡು ಮೂರು ಸ್ಟಾಪ್ (ಒಂದು ಸ್ಟಾಪ್ ಎಂದರೆ ಸಮಯ ಇಮ್ಮಡಿ) ಇಳಿದು ಐಎಸ್ಒ ತಗ್ಗಿಸಬಹುದು. ನಡೆಯುವ ಜನ ಮಸುಕಾಗುತ್ತಾರೆ, ಕಟ್ಟಡ ಚೂಪಾಗಿ ಬರುತ್ತದೆ.

ಉಳಿಯುವುದು ನಾಯ್ಸ್, ಅಂದರೆ ಐಎಸ್ಒ ಏರಿಸಿದಾಗ ಚಿತ್ರದಲ್ಲಿ ಕಾಣುವ ಚುಕ್ಕೆ ಚುಕ್ಕೆಯ ಒರಟು. ಅದಕ್ಕೆ ಮದ್ದು ಒಂದೇ ಚೌಕಟ್ಟಿನ ಹಲವು ಚಿತ್ರ. ಐಎಸ್ಒ 3200ರಲ್ಲಿ 16 ಚಿತ್ರ ತೆಗೆದು, ಸಾಫ್ಟ್‌ವೇರಿನಲ್ಲಿ ಒಂದರ ಮೇಲೊಂದು ಹೊಂದಿಸಿ ಸರಾಸರಿ ಮಾಡಿದರೆ ನಾಯ್ಸ್ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಸುಮಾರಾಗಿ ಐಎಸ್ಒ 200ರ ಒಂದು ಚಿತ್ರದ ಗುಣಮಟ್ಟ. ಹೊಂದಿಸುವಾಗ ಅಂಚು ಕತ್ತರಿಸಿ ಹೋಗುವುದರಿಂದ ಚೌಕಟ್ಟು ತುಸು ಅಗಲ ಇರಲಿ. ಮ್ಯಾನುಯಲ್ ಎಕ್ಸ್‌ಪೋಶರ್, ಮ್ಯಾನುಯಲ್ ಫೋಕಸ್, ವೈಟ್ ಬ್ಯಾಲೆನ್ಸ್ (ಬಣ್ಣದ ಹೊಂದಾಣಿಕೆ) ಕೂಡ ಸ್ಥಿರ. ಇಲ್ಲದಿದ್ದರೆ ಒಂದೊಂದು ಚಿತ್ರ ಒಂದೊಂದು ಬಣ್ಣಕ್ಕೆ ತಿರುಗಿ ಲೆಕ್ಕ ಕೆಡುತ್ತದೆ. ಸರಾಸರಿಯ ಬದಲು ಮೀಡಿಯನ್ (ಎಲ್ಲ ಚಿತ್ರಗಳ ಬೆಲೆಗಳನ್ನು ಸಾಲಾಗಿ ಇಟ್ಟಾಗ ನಡುವೆ ಬರುವುದು) ಆರಿಸಿದರೆ ನಡೆದುಹೋಗುವ ಜನ ಮಾಯವಾಗುತ್ತಾರೆ. ಆದರೆ ಆಗ ಚಿತ್ರಗಳ ನಡುವೆ ಕೆಲವು ಸೆಕೆಂಡು ಬಿಡಬೇಕು. ಅರ್ಧಕ್ಕಿಂತ ಹೆಚ್ಚು ಚಿತ್ರಗಳಲ್ಲಿ ಒಂದೇ ಕಡೆ ನಿಂತವರು ಅಲ್ಲೇ ಉಳಿಯುತ್ತಾರೆ, ಕಟ್ಟೆಯ ಮೇಲೆ ಕೂತವರಂತೂ ಖಂಡಿತ.

ಶಟರ್ ಒತ್ತುವಾಗ ಬೆರಳಿನಿಂದಲೇ ಅಲುಗಾಟ ಬರುತ್ತದೆ. ಹಾಗಾಗಿ ಬರ್ಸ್ಟ್‌ನಲ್ಲಿ, ಅಂದರೆ ಒಂದೇ ಒತ್ತಿಗೆ ಸತತವಾಗಿ, ನಾಲ್ಕೈದು ತೆಗೆಯಿರಿ; ಸಾಮಾನ್ಯವಾಗಿ ಮೊದಲನೆಯದಕ್ಕಿಂತ ನಡುವಿನವು ಚೂಪಾಗಿರುತ್ತವೆ. ಇನ್ನೊಂದು ಹಳೆಯ ಉಪಾಯ ದಾರ. ಕ್ಯಾಮೆರಾ ಅಡಿಯ ಕಾಲು ಇಂಚಿನ ತಿರುಪಿನ ತೂತಿಗೆ ಸರಿಹೋಗುವ ಬೋಲ್ಟಿಗೆ ಗಟ್ಟಿ ದಾರ ಕಟ್ಟಿ, ಇನ್ನೊಂದು ತುದಿಯನ್ನು ಪಾದದಡಿ ಮೆಟ್ಟಿ, ಕ್ಯಾಮೆರಾವನ್ನು ಮೇಲಕ್ಕೆ ಬಿಗಿಯಾಗಿ ಎಳೆದು ಹಿಡಿಯುವುದು. ಮೇಲೆ ಕೆಳಗಿನ ನಡುಕ ಕಡಿಮೆಯಾಗುತ್ತದೆ. ಅಕ್ಕಪಕ್ಕದ ಓಲಾಟ ಅಷ್ಟಾಗಿ ನಿಲ್ಲದು, ಅದಕ್ಕೆ ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಳ್ಳಬೇಕು. ಕ್ಯಾಮೆರಾ ಕೂರಿಸಲು ಕಾಳು ತುಂಬಿದ ಚೀಲವೂ ಒಳ್ಳೆಯದೇ, ಮುಕ್ಕಾಲು ಭಾಗ ಮಾತ್ರ ತುಂಬಿದ್ದರೆ. ಬಿರಿಯುವಷ್ಟು ತುಂಬಿದರೆ ಕ್ಯಾಮೆರಾ ಅದರ ಮೇಲೆ ಕೂರದೆ ಉರುಳುತ್ತದೆ. ಎರಡು ಸೆಕೆಂಡಿನ ಟೈಮರ್ ಹಾಕಿ ಕೈ ತೆಗೆಯಿರಿ. ಕಂಬಿಯ ಮೇಲೆ ಇಡುವುದಾದರೆ ಪಕ್ಕದವರು ಒರಗಿದಾಗ ಅದೂ ನಡುಗುತ್ತದೆಂಬ ಎಚ್ಚರ ಇರಲಿ. ಕೆತ್ತನೆಯ ಕಲ್ಲಿಗೆ, ಬಣ್ಣದ ಗೋಡೆಗೆ ಚೀಲವನ್ನಾಗಲಿ ಬೆನ್ನನ್ನಾಗಲಿ ಆನಿಸಲೇಬೇಡಿ. ಬಾಗುವ ಕಾಲಿನ ಸ್ಟ್ಯಾಂಡನ್ನು ಹಳೆಯ ಕಂಬಕ್ಕೆ ಸುತ್ತುವುದು ನೆಲದಲ್ಲಿ ಟ್ರೈಪಾಡ್ ಇಡುವುದಕ್ಕಿಂತಲೂ ಕೆಟ್ಟದ್ದು. ನಿಯಮದ ಕಣ್ಣು ತಪ್ಪಿಸಿ ಇದನ್ನು ಮಾಡುವವರೇ ಮುಂದಿನ ಬೋರ್ಡಿಗೆ ಕಾರಣರಾಗುತ್ತಾರೆ.

ನಿಜವಾಗಿ ಟ್ರೈಪಾಡೇ ಬೇಕಿದ್ದರೆ ಬಾಗಿಲಲ್ಲಿ ಕೇಳಿ ಫಲವಿಲ್ಲ. ನಿರ್ವಹಣೆ ಮಾಡುವ ಕಚೇರಿಗೆ ವಾರಗಳ ಮೊದಲೇ ಬರೆಯಬೇಕು. "ಫೋಟೋ ತೆಗೆಯಬಹುದೇ?" ಎಂದು ಕೇಳಿದರೆ "ಹೌದು" ಎನ್ನುತ್ತಾರೆ, ಆ ಹೌದು ಸ್ಟ್ಯಾಂಡಿಗೆ ಅನ್ವಯಿಸುವುದಿಲ್ಲ. ದಿನ, ಗಂಟೆ, ನಿಲ್ಲುವ ಜಾಗ, ಎಷ್ಟು ಜನ, ಚಿತ್ರ ಎಲ್ಲಿ ಬಳಕೆಯಾಗುತ್ತದೆ, ಪಾದ ರಬ್ಬರಿನದು, ದೀಪ ತರುವುದಿಲ್ಲ, ಎಲ್ಲವನ್ನೂ ಬಿಡಿಸಿ ಬರೆಯಿರಿ. ಮಾನೊಪಾಡ್ (ಒಂಟಿ ಕಾಲಿನ ಸ್ಟ್ಯಾಂಡ್) ಮತ್ತು ಮೇಜಿನ ಮೇಲಿಡುವ ಪುಟ್ಟ ಸ್ಟ್ಯಾಂಡ್ ನಡೆಯುತ್ತದೆಯೇ ಎಂದೂ ಅದೇ ಪತ್ರದಲ್ಲಿ ಕೇಳಿ, ಕೆಲವು ಕಡೆ ಅವನ್ನೂ ಟ್ರೈಪಾಡಿನ ಲೆಕ್ಕಕ್ಕೇ ಸೇರಿಸುತ್ತಾರೆ. ಬಂದ ಉತ್ತರವನ್ನು ಅಚ್ಚು ಹಾಕಿಸಿ ಕೈಯಲ್ಲಿ ಹಿಡಿದೇ ಹೋಗಿ. ಕೊಟ್ಟ ಅಧಿಕಾರಿಯ ಹೆಸರು, ಹುದ್ದೆ, ದಿನಾಂಕ ಅದರಲ್ಲಿ ಇರಬೇಕು; ಫೋನಿನಲ್ಲಿ ಯಾರೋ ಆಗಲಿ ಎಂದದ್ದನ್ನು ಬಾಗಿಲಲ್ಲಿ ಯಾರೂ ಒಪ್ಪುವುದಿಲ್ಲ.